ಹೋಳಿಯ ದುಡ್ಡು

ಇಂಡಿಯಾನಾದಲ್ಲಿ ಪಿಎಚ್.ಡಿ. ಮಾಡುತ್ತಿದ್ದಷ್ಟು ವರ್ಷವೂ ನಮ್ಮ ಹೋಳಿ ಬರುತ್ತಿದ್ದದ್ದು ಏಪ್ರಿಲ್‌ನಲ್ಲಿ. ಹುಣ್ಣಿಮೆಯ ದಿನ ಅಲ್ಲಿ ಇನ್ನೂ ಹಿಮ ಕರಗಿರುತ್ತಿರಲಿಲ್ಲ. ನೆಲ ಒಣಗಿ ಹುಲ್ಲು ಕಂಡ ಮೇಲೆ ಒಂದು ಶನಿವಾರ ಗೊತ್ತು ಮಾಡುತ್ತಿದ್ದೆವು. ವಿಶ್ವವಿದ್ಯಾಲಯದ ಮೈದಾನಕ್ಕೆ ಒಂದು ಅರ್ಜಿ, ನೀರಿನ ನಲ್ಲಿಗೆ ಇನ್ನೊಂದು. ಊಟ ಮಾರಬೇಕಾದರೆ ಪರವಾನಗಿ ಬೇಕಿತ್ತು, ಮನೆಯಲ್ಲಿ ಬೇಯಿಸಿ ತಂದು ಮಾರುವ ಹಾಗಿರಲಿಲ್ಲ. ಹಾಗಾಗಿ ಊರಿನ ಚರ್ಚೊಂದರ ಅಡುಗೆಮನೆ ಕೇಳಿಕೊಂಡು, ಹಿಂದಿನ ರಾತ್ರಿ ಅಲ್ಲೇ ಪುಳಿಯೋಗರೆ ಗೊಜ್ಜು ಕುದಿಸಿಟ್ಟು, ಬೆಳಗಿನ ಜಾವ ನಾಲ್ಕಕ್ಕೆ ಅನ್ನ ಹರವಿ ಕಲಸುತ್ತಿದ್ದೆವು. ಗೊಜ್ಜಿನ ಹೊಣೆ ಹಾಸನದವಳಾದ ನನ್ನದು. ಬಣ್ಣ ಕಲಸುವ ಕೆಲಸ ನಾಗಪುರದ ಒಬ್ಬನದು, ಟಿಕೆಟ್ ಲೆಕ್ಕ ವಿಜಯವಾಡದ ಒಬ್ಬಳದು.

2007ರಲ್ಲಿ ಹತ್ತು ಡಾಲರಿನ ಟಿಕೆಟ್ ಆರುನೂರು ಹೋದವು. ಅಕ್ಕಿ, ಬಣ್ಣ, ಮೈದಾನ ತೊಳೆಸಿದ ಖರ್ಚೆಲ್ಲ ಕಳೆದು ನಾಲ್ಕು ಸಾವಿರ ಡಾಲರ್ ಉಳಿಯಿತು. ಆಗಿನ ದರದಲ್ಲಿ ಸುಮಾರು ಒಂದು ಲಕ್ಷ ಅರವತ್ತು ಸಾವಿರ ರೂಪಾಯಿ.

ಓದಲು ಹೋದವರು ಹೀಗೆ ದುಡ್ಡು ಕೂಡಿಸುವುದು ನಮ್ಮಿಂದ ಶುರುವಾದದ್ದೇನಲ್ಲ. 1991ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ರವಿ ಕೂಚಿಮಂಚಿ ಗೆಳೆಯರ ಜೊತೆ ಅಸೋಸಿಯೇಷನ್ ಫಾರ್ ಇಂಡಿಯಾಸ್ ಡೆವಲಪ್‌ಮೆಂಟ್ ಕಟ್ಟಿದರು. ಎಲ್ಲರೂ ‘ಏಡ್’ ಎನ್ನುತ್ತಾರೆ. ಆಮೇಲೆ ಅಮೆರಿಕದ ಎಷ್ಟೋ ಕಾಲೇಜು ಊರುಗಳಲ್ಲಿ ಅದರ ಶಾಖೆಗಳಾದವು. ಅಂಥ ಗುಂಪುಗಳಿಗೆ ಹೋಳಿಯೇ ವರ್ಷದ ಸುಗ್ಗಿ. ನಮ್ಮದು ಚಿಕ್ಕ ಗುಂಪು, ಹದಿನೈದಿಪ್ಪತ್ತು ಜನ. ಆದರೂ ಪದ್ಧತಿ ಅದೇ: ಸಂಬಳದವರು ಒಬ್ಬರೂ ಇಲ್ಲ. ವಾರಕ್ಕೊಂದು ಸಂಜೆ ಖಾಲಿ ತರಗತಿಯಲ್ಲಿ ಕೂತು, ಭಾರತದಿಂದ ಬಂದ ಯೋಜನೆಗಳ ಬಜೆಟ್ಟನ್ನು ಸಾಲುಸಾಲಾಗಿ ಓದುವುದು. ಯಾರಾದರೂ ರಜೆಗೆ ಊರಿಗೆ ಹೋದಾಗ ಸ್ವಂತ ಖರ್ಚಿನಲ್ಲಿ ಹೋಗಿ ನೋಡಿಬರುವುದು.

ಆ ವರ್ಷ ನಮ್ಮ ಮುಂದಿದ್ದದ್ದು ಒಡಿಶಾದ ದಕ್ಷಿಣದ ಗುಡ್ಡಗಾಡಿನ ಒಂದು ಸಣ್ಣ ಆರೋಗ್ಯ ಕೇಂದ್ರ. ಮಲೇರಿಯಾ ವಿಪರೀತ ಇದ್ದ ಸೀಮೆ. ನಮಗೆಲ್ಲ ಒಂದು ಆಸೆ, ಅವರಿಗೊಂದು ಸ್ಕ್ಯಾನಿಂಗ್ ಮಷೀನ್ ಕೊಡಿಸಬೇಕೆಂದು. ಎರಡು ವರ್ಷದ ಹೋಳಿ ಸೇರಿಸಿದರೆ ಹಳೆಯದೊಂದು ಸಿಗುತ್ತಿತ್ತು. ಅದಕ್ಕಾಗಿ ಎಲ್ಲರಿಗಿಂತ ಹೆಚ್ಚು ವಾದಿಸಿದವಳು ನಾನು. ಮಷೀನಿನ ಫೋಟೊ ತೋರಿಸಿದರೆ ಟಿಕೆಟ್ ಮಾರುವುದು ಸುಲಭ ಎಂಬುದು ನನ್ನ ತಲೆಯಲ್ಲಿತ್ತು.

ಒಂದು ಮಂಗಳವಾರ ರಾತ್ರಿ ಒಂಬತ್ತೂವರೆಗೆ, ಅಲ್ಲಿ ಬುಧವಾರ ಬೆಳಿಗ್ಗೆ ಏಳಕ್ಕೆ, ಆ ಕೇಂದ್ರದ ಡಾಕ್ಟರು ಫೋನಿಗೆ ಸಿಕ್ಕರು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡು ಹೇಳಿದರು: ‘ಮಷೀನಿಗೆ ಸರ್ಕಾರದಲ್ಲಿ ನೋಂದಣಿ ಆಗಬೇಕಮ್ಮಾ. ಸ್ಕ್ಯಾನ್ ಮಾಡೋಕೆ ಅದಕ್ಕೇ ತರಬೇತಿ ಆದ ಡಾಕ್ಟರು ಬೇಕು. ನಮ್ಮಲ್ಲಿ ಕರೆಂಟ್ ಇರೋದೇ ಅರ್ಧ ದಿನ. ನನಗೆ ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡೋ ಎಂಟು ಜನ ಹೆಂಗಸರ ಗೌರವಧನ ಬೇಕಾಗಿದೆ. ತಿಂಗಳಿಗೆ ಒಂದೊಂದು ಸಾವಿರ. ಅದನ್ನ ಕೊಡೋವ್ರು ಯಾರೂ ಸಿಗ್ತಾ ಇಲ್ಲ.’

ಹೆಣ್ಣುಭ್ರೂಣ ಹತ್ಯೆ ತಡೆಯಲೆಂದು ಬಂದ 1994ರ ಕಾನೂನಿನಿಂದಾಗಿ ಸ್ಕ್ಯಾನಿಂಗ್ ಮಷೀನಿಗೆ ನೋಂದಣಿ ಕಡ್ಡಾಯ ಎಂಬುದೂ ನಮಗೆ ಅಂದಿನವರೆಗೆ ಗೊತ್ತಿರಲಿಲ್ಲ. ಫೋನಿಟ್ಟ ಮೇಲೆ ಒಂದೂವರೆ ಗಂಟೆ ಚರ್ಚೆ. ಕಟ್ಟಡಕ್ಕೆ, ಗಾಡಿಗೆ ಕೊಟ್ಟರೆ ಒಂದು ಸಲಕ್ಕೆ ಮುಗಿಯುತ್ತದೆ. ಸಂಬಳಕ್ಕೆ ಕೈಹಾಕಿದರೆ ಪ್ರತಿವರ್ಷವೂ ಕೊಡಬೇಕು, ನಾವು ಓದು ಮುಗಿಸಿ ಹೋದ ಮೇಲೆ ಯಾರು ಕೊಡುತ್ತಾರೆ? ನ್ಯಾಯವಾದ ಪ್ರಶ್ನೆ. ಅದಕ್ಕೆ ನಾವು ಕಂಡುಕೊಂಡ ದಾರಿ ಇಷ್ಟೇ. ಮೂರು ವರ್ಷಕ್ಕೆ ಮಾತು ಕೊಡುವುದು, ಒಂದು ವರ್ಷದ ಮೊತ್ತವನ್ನು ಯಾವಾಗಲೂ ಮುಂಗಡವಾಗಿ ಬ್ಯಾಂಕಿನಲ್ಲಿ ಇಟ್ಟಿರುವುದು, ಊರು ಬಿಡುವವರು ಮುಂದಿನವರಿಗೆ ಲೆಕ್ಕ ಕಲಿಸಿ ಹೋಗುವುದು. ಎಂಟು ಜನಕ್ಕೆ ವರ್ಷಕ್ಕೆ 96,000 ರೂಪಾಯಿ. ಉಳಿದದ್ದು ತಿಂಗಳ ತರಬೇತಿಗೆ ಬಂದುಹೋಗುವ ಬಸ್‌ಚಾರ್ಜಿಗೆ, ಊಟಕ್ಕೆ, ಔಷಧಿಗೆ.

ಓದುಬರಹ ಅಷ್ಟಾಗಿ ಬಾರದ ಹಳ್ಳಿಯ ಹೆಂಗಸೊಬ್ಬಳು ಮಷೀನಿಗಿಂತ ಹೆಚ್ಚಿನದೇನು ಮಾಡಿಯಾಳು? ಈ ಪ್ರಶ್ನೆಗೆ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟರು. ಹೆರಿಗೆಯಾದ ಮನೆಗೆ ಹೋಗಿ ಕೂಸನ್ನು ಬೆಚ್ಚಗಿಡುವುದು, ತೂಕ ನೋಡುವುದು, ಉಸಿರು ಎಣಿಸುವುದು, ನಂಜಿನ ಲಕ್ಷಣ ಕಂಡರೆ ಆಂಟಿಬಯಾಟಿಕ್ ಇಂಜೆಕ್ಷನ್ ಕೊಡುವುದು ಅವರ ಕೆಲಸ. ಮೂರನೆಯ ವರ್ಷದ ಹೊತ್ತಿಗೆ, ಪಕ್ಕದ ಹಳ್ಳಿಗಳಿಗೆ ಹೋಲಿಸಿದರೆ, ನವಜಾತ ಶಿಶುಗಳ ಸಾವು 62%ರಷ್ಟು ಇಳಿದಿತ್ತು. ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಇದನ್ನು 1999ರಲ್ಲಿ ಪ್ರಕಟಿಸಿತು. ಇವತ್ತು ನಮ್ಮ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಬಂದು ಕೂಸನ್ನು ನೋಡುವ ಪದ್ಧತಿಯ ಹಿಂದೆ ಆ ಹಳ್ಳಿಗಳ ಅನುಭವವಿದೆ.

ದುಡ್ಡು ಕಳಿಸುವುದೂ ಸುಲಭವಲ್ಲ. ಹೊರದೇಶದಿಂದ ಬರುವ ದೇಣಿಗೆಯನ್ನು ಪಡೆಯಲು ಇಲ್ಲಿನ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಹಣವೆಲ್ಲ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಗೇ ಬರಬೇಕು. ದೊಡ್ಡ ಸಂಸ್ಥೆಯೊಂದು ತನಗೆ ಬಂದದ್ದನ್ನು ಸಣ್ಣ ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತದ ಖರ್ಚಿನ ಮಿತಿ 50%ರಿಂದ 20%ಕ್ಕೆ ಇಳಿದಿದೆ. ದುರುಪಯೋಗ ತಡೆಯಬೇಕು, ಒಪ್ಪುತ್ತೇನೆ. ಆದರೆ ಗುಡ್ಡದ ಮೇಲಿನ ಸಣ್ಣ ಕೇಂದ್ರಕ್ಕೆ ಲೆಕ್ಕ ಬರೆಯುವವನೊಬ್ಬನನ್ನು ಇಟ್ಟುಕೊಳ್ಳುವುದೇ ಭಾರ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

2008ರ ಡಿಸೆಂಬರಿನಲ್ಲಿ ಹಾಸನಕ್ಕೆ ಬಂದವಳು ಅಲ್ಲಿಂದ ರೈಲು ಹಿಡಿದು ಒಡಿಶಾಕ್ಕೆ ಹೋದೆ. ಹತ್ತು ದಿನ ಹಳ್ಳಿಯಲ್ಲಿ ಸೇವೆ ಮಾಡಿಬರುತ್ತೇವೆಂದು ವಿಮಾನ ಹತ್ತುವ ವಿದ್ಯಾರ್ಥಿಗಳು ಬೇಕಾದಷ್ಟು ಜನ ಇದ್ದಾರೆ. ನಾನೂ ಲೆಕ್ಕ ಹಾಕಿ ನೋಡಿದ್ದೆ: ನನ್ನ ಒಂದು ವಿಮಾನ ಟಿಕೆಟ್ಟಿನ ದುಡ್ಡು ನಾಲ್ಕು ಜನ ಕಾರ್ಯಕರ್ತೆಯರ ಒಂದು ವರ್ಷದ ಗೌರವಧನ. ಅಪ್ಪ ಅಮ್ಮನನ್ನು ನೋಡಲು ಹೇಗೂ ಬರುತ್ತಿದ್ದೆನೆಂಬ ಸಮಾಧಾನ ಇಲ್ಲದಿದ್ದರೆ ಆ ಪ್ರಯಾಣ ಮಾಡುತ್ತಿರಲಿಲ್ಲ.

ಕೇಂದ್ರದ ಮೇಲ್ವಿಚಾರಕಿಯ ಹಿಂದೆ ಗುಡ್ಡ ಹತ್ತಿ ಹೋದಾಗ ಆ ಎಂಟು ಜನರಲ್ಲೊಬ್ಬ ಕಾರ್ಯಕರ್ತೆ ಒಂದು ಮನೆಯ ಜಗಲಿಯಲ್ಲಿ ಕೂತಿದ್ದಳು. ನಲವತ್ತರ ಆಸುಪಾಸು. ಕೆಮ್ಮುತ್ತಿದ್ದ ಎಂಟು ತಿಂಗಳ ಮಗು ಅದರ ತಾಯಿಯ ಮಡಿಲಲ್ಲಿ. ಅಂಗಿ ಮೇಲೆತ್ತಿ ಮಗುವಿನ ಹೊಟ್ಟೆ ಏರಿ ಇಳಿಯುವುದನ್ನೇ ನೋಡುತ್ತ, ಒಂದೊಂದು ಉಸಿರಿಗೆ ಒಂದೊಂದು ಮಣಿ ಸರಿಸುತ್ತಿದ್ದಳು. ಪಕ್ಕದಲ್ಲಿ ನಿಮಿಷದ ಗಡಿಯಾರ. ಎರಡು ತಿಂಗಳು ತುಂಬಿದ, ಒಂದು ವರ್ಷದೊಳಗಿನ ಕೂಸು ನಿಮಿಷಕ್ಕೆ ಐವತ್ತು ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ ನ್ಯುಮೋನಿಯಾ ಇರಬಹುದೆಂದು ಲೆಕ್ಕ. ಅವಳಿಗೆ ಐವತ್ತರವರೆಗೆ ಎಣಿಸಲು ಬರುತ್ತಿರಲಿಲ್ಲ. ಅದಕ್ಕೇ ಐವತ್ತನೆಯ ಮಣಿ ಕೆಂಪು. ಗಡಿಯಾರ ನಿಲ್ಲುವ ಮುಂಚೆಯೇ ಬೆರಳು ಕೆಂಪು ಮಣಿ ದಾಟಿತು. ಔಷಧಿ ಕೊಟ್ಟು, ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆಂದು ತಾಯಿಗೆ ಹೇಳಿ ಎದ್ದಳು.

ದಾರಿಯಲ್ಲಿ, ಈ ದುಡ್ಡು ಕಳಿಸುವವರು ಯಾರು ಎಂದು ಕೇಳಿದಳು. ಅವಳ ಒಡಿಯಾವನ್ನು ಮೇಲ್ವಿಚಾರಕಿ ನನಗೆ ಹಿಂದಿಯಲ್ಲಿ ಹೇಳುತ್ತಿದ್ದರು. ಒಬ್ಬರಲ್ಲ, ಆರುನೂರು ಜನ, ಎಲ್ಲ ಓದುವ ಹುಡುಗ ಹುಡುಗಿಯರು, ಹೋಳಿ ಆಡಲು ತಲಾ ಇಷ್ಟು ಕೊಟ್ಟಿದ್ದಾರೆ ಎಂದೆ. ಅದಕ್ಕೆ ಅವರಿಗೆ ಏನು ಸಿಗುತ್ತದೆ ಎಂದಳು. ಬಣ್ಣ, ಆಮೇಲೆ ಒಂದು ತಟ್ಟೆ ಅನ್ನ ಎಂದೆ.

ಸ್ವಲ್ಪ ದೂರ ಸುಮ್ಮನೆ ನಡೆದು, ಮಣಿಸರವನ್ನು ಸೆರಗಿನ ಗಂಟಿಗೆ ಕಟ್ಟಿಕೊಳ್ಳುತ್ತ ಇನ್ನೊಂದು ಪ್ರಶ್ನೆ ಕೇಳಿದಳು.

‘ಬರೋ ವರ್ಷಾನೂ ಆಡ್ತಾರಾ?’