ಮಾಂಡವಿಯ ದಂಡೆಯಲ್ಲಿ

"ಪಣಜಿಗೆ ಜೂಜಿಗೇನು, ಮಾಸ್ತರೇ?" ಎಂದು ಅತ್ತಿವೇರಿಯ ನೆರೆಯವರು ನಕ್ಕರು. ಜೊತೆಗೆ ಹೊರಟ ಸೋದರಳಿಯನ ಕಿಸೆಯಲ್ಲಿ ಗೋವಿನಜೋಳ ಮಾರಿದ ಹಣವಿದ್ದುದೇನೋ ನಿಜ.

ಮಾಂಡವಿಯೆಂದರೆ ನಮ್ಮ ಭೀಮಗಡದ ಕಾಡಿನಿಂದ ಹರಿದುಹೋಗುವ ಮಹದಾಯಿಯೇ. ಪಣಜಿಯಲ್ಲಿ ಅದರ ನೀರಿನ ಮೇಲೆ ಜೂಜಿನ ಹಡಗುಗಳು. ದಂಡೆಯಲ್ಲಿ ವಿಜಾಪುರದ ಆದಿಲಶಾಹಿಗಳ ಅರಮನೆ. ಅಳಿಯನ ಕಣ್ಣು ಹಡಗಿನ ಮೇಲೆಯೇ. ಅವನಿಗೊಂದು ಲೆಕ್ಕ ಹೇಳಿದೆ: ಒಂದೇ ಸೊನ್ನೆಯ ರೂಲೆಟ್ ಚಕ್ರದಲ್ಲಿ 37 ಮನೆಗಳು, ಒಂದು ಅಂಕಿಯ ಮೇಲೆ ರೂಪಾಯಿಯಿಟ್ಟು ಗೆದ್ದರೆ ಲಾಭ 35. ಎಲ್ಲ ಮನೆಗಳಿಗೂ ಒಂದೊಂದು ರೂಪಾಯಿ ಇಟ್ಟರೆ 37 ಕೊಟ್ಟು 36 ಪಡೆದಂತಾಯಿತು. ಧರ್ಮರಾಯನನ್ನು ಸೋಲಿಸಲು ಶಕುನಿ ಬೇಕಾಗಿದ್ದ; ಇಲ್ಲಿ ಅವನ ಸಂಬಳವೂ ಉಳಿಯಿತು!

ಅಲ್ಲಿಂದ ಮೆನೆಜಿಸ್ ಬ್ರಗಾಂಜಾ ಸಂಸ್ಥೆಯ ಮೊಗಸಾಲೆಗೆ ಕರೆದೊಯ್ದೆ. ಗೋಡೆಯ ತುಂಬ 1935ರಲ್ಲಿ ಜೋರ್ಜ್ ಕೊಲಾಸೊ ಎಂಬ ಕಲಾವಿದ ರಚಿಸಿದ ನೀಲಿ ಚಿತ್ರಗಳು. ಮೆರುಗಿನ ಬಿಲ್ಲೆಗಳ ಮೇಲೆ ಚಿತ್ರ ಬರೆದು, ಸುಟ್ಟು, ಜೋಡಿಸುವ ಪೋರ್ತುಗೀಜರ ಕಲೆಯಿದು. ವಸ್ತು, ಅವರ ಕವಿ ಕಮೋಯಿಶನ ಮಹಾಕಾವ್ಯ. ವಾಸ್ಕೊ ಡ ಗಾಮನ ಸಮುದ್ರಯಾನ. ಗೆದ್ದವರು ಹೇಳಿದ ಕಥೆಯೆಂಬುದನ್ನು ಮರೆಯದೆ ನೋಡಬೇಕು. ಆದರೂ ಆ ನೀಲಿ ನೀಲಿಯೇ.

ಬಾಗಿಲು ಹಾಕುವವರು ಬಂದರೂ ಅಳಿಯ ಅಲುಗಲಿಲ್ಲ. ಹಣ ಊರಿಗೆ ಮರಳಿತು, ಅವನ ಮೀನೂಟದ ಖರ್ಚೊಂದನ್ನು ಬಿಟ್ಟು.