ಕಿವಿಯಲ್ಲಿ ಗುಂಯ್ ಎನ್ನುವ ಶಬ್ದ: ಯಾವ ವೈದ್ಯರನ್ನು ಕಾಣಬೇಕು?

ರಾತ್ರಿ ದೀಪ ಆರಿಸಿ ಮಲಗಿದ್ದೀರಿ. ಮನೆಯೆಲ್ಲ ನಿಶ್ಶಬ್ದ. ನಿಮ್ಮ ಕಿವಿಯೊಳಗೆ ಮಾತ್ರ ಜೀರುಂಡೆ ಕೂಗಿದಂತೆ ಒಂದೇ ಸಮನೆ ಶಬ್ದ. ಪಕ್ಕದಲ್ಲಿದ್ದವರನ್ನು ಕೇಳಿದರೆ ‘ನನಗೇನೂ ಕೇಳಿಸುತ್ತಿಲ್ಲವಲ್ಲ’ ಎನ್ನುತ್ತಾರೆ. ವೈದ್ಯರು ಇದನ್ನು ಟಿನಿಟಸ್ ಎಂದು ಕರೆಯುತ್ತಾರೆ. ಇದು ಭ್ರಮೆಯಲ್ಲ. ಹಾಗೆಯೇ ಇದು ಸ್ವತಃ ಒಂದು ರೋಗವೂ ಅಲ್ಲ, ಹೆಚ್ಚಾಗಿ ಬೇರೊಂದು ತೊಂದರೆಯ ಲಕ್ಷಣ. ಆದ್ದರಿಂದ ಶಬ್ದ ನಿಲ್ಲಿಸುವ ಮಾತ್ರೆಗಾಗಿ ಅಲೆಯುವ ಮೊದಲು, ಕಾರಣ ಹುಡುಕುವ ವೈದ್ಯರನ್ನು ಕಾಣಿರಿ.

ಮೊದಲು ಯಾರ ಬಳಿಗೆ?

ಕಿವಿ, ಮೂಗು, ಗಂಟಲಿನ ತಜ್ಞರಾದ ಇ.ಎನ್.ಟಿ. ವೈದ್ಯರ ಬಳಿಗೆ. ಅವರು ದೀಪವಿರುವ ಉಪಕರಣದಿಂದ ಕಿವಿಯೊಳಗೆ ನೋಡುತ್ತಾರೆ. ಕೆಲವೊಮ್ಮೆ ಗಟ್ಟಿಯಾದ ಗುಗ್ಗೆ ತೆಗೆದಾಗಲೇ ಶಬ್ದ ನಿಂತುಬಿಡುತ್ತದೆ. ಕಾರಣ ಅಲ್ಲಿ ಸಿಗದಿದ್ದರೆ ಆಡಿಯಾಲಜಿಸ್ಟರ ಬಳಿ ಶ್ರವಣ ಪರೀಕ್ಷೆಗೆ ಕಳುಹಿಸುತ್ತಾರೆ. ವಯಸ್ಸಾದವರಲ್ಲಿ, ಗದ್ದಲದ ಯಂತ್ರಗಳ ನಡುವೆ ದುಡಿದವರಲ್ಲಿ ಈ ಶಬ್ದದ ಹಿಂದೆ ಕಿವುಡುತನ ಅಡಗಿರುವುದು ಸಾಮಾನ್ಯ. ಅಂಥವರಿಗೆ ಶ್ರವಣ ಸಾಧನ ಹಾಕಿದರೆ ಮಾತೂ ಕೇಳುತ್ತದೆ, ಶಬ್ದದ ಕಾಟವೂ ತಗ್ಗಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಪರೀಕ್ಷೆಗಳನ್ನು ನಡೆಸುವ ಸರಕಾರಿ ಸಂಸ್ಥೆ.

ತಡಮಾಡಬಾರದ ಲಕ್ಷಣಗಳು

ಶಬ್ದದ ಜೊತೆಗೆ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ‘ನೆಗಡಿ ಇರಬೇಕು’ ಎಂದು ದಿನ ದೂಡಬೇಡಿ. ಅದೇ ದಿನ, ತಪ್ಪಿದರೆ ಮರುದಿನ, ಇ.ಎನ್.ಟಿ. ತಜ್ಞರನ್ನು ಕಾಣಿರಿ. ಸ್ಟೆರಾಯ್ಡ್ ಚಿಕಿತ್ಸೆ ಬೇಗ ಆರಂಭವಾದಷ್ಟೂ ಶ್ರವಣಶಕ್ತಿ ಮರಳುವ ಸಾಧ್ಯತೆ ಹೆಚ್ಚು; ವಾರಗಳು ಕಳೆದರೆ ಆ ಅವಕಾಶ ಕೈತಪ್ಪುತ್ತದೆ. ಮುಖ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಅಥವಾ ತಲೆಗೆ ಪೆಟ್ಟು ಬಿದ್ದ ಮೇಲೆ ಶಬ್ದ ಶುರುವಾದರೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿರಿ.

ಶಬ್ದ ನಾಡಿಬಡಿತದ ಲಯದಲ್ಲೇ ಕೇಳಿಸಿದರೆ ಅಥವಾ ಒಂದೇ ಕಿವಿಯಲ್ಲಿ ಬಹುಕಾಲ ಉಳಿದರೆ ವೈದ್ಯರಿಗೆ ಮರೆಯದೆ ಹೇಳಿರಿ. ಸ್ಕ್ಯಾನ್ ಬೇಕಾಗಬಹುದು. ತಲೆಸುತ್ತು ಇದ್ದರೆ ಅದನ್ನೂ ತಿಳಿಸಿರಿ. ಬಾಯಿ ತೆರೆಯುವಾಗ ದವಡೆ ನೋಯುತ್ತಿದ್ದರೆ ದಂತವೈದ್ಯರ ಸಲಹೆಯೂ ಬೇಕಾಗುತ್ತದೆ.

ಹೋಗುವಾಗ ನೀವು ಸೇವಿಸುವ ಎಲ್ಲ ಔಷಧಗಳನ್ನೂ ಕೊಂಡೊಯ್ಯಿರಿ. ಹೆಚ್ಚಿನ ಪ್ರಮಾಣದ ಆಸ್ಪಿರಿನ್, ಜೆಂಟಾಮೈಸಿನ್‌ನಂತಹ ಚುಚ್ಚುಮದ್ದು, ಕೆಲವು ಮೂತ್ರವರ್ಧಕಗಳು ಕಿವಿಗೆ ತೊಂದರೆ ಕೊಡಬಲ್ಲವು. ಆದರೆ ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.

ಒಳ್ಳೆಯ ವೈದ್ಯರ ಗುರುತೇನು?

ಶಬ್ದ ಯಾವಾಗ ಶುರುವಾಯಿತು, ಒಂದು ಕಿವಿಯಲ್ಲೋ ಎರಡರಲ್ಲೋ, ನಿದ್ದೆ ಬರುತ್ತದೆಯೇ ಎಂದು ಅವರು ವಿಚಾರಿಸುತ್ತಾರೆ. ಕಿವಿ ನೋಡದೆ ಚೀಟಿ ಬರೆಯುವುದಿಲ್ಲ. ಟಿನಿಟಸ್ಸನ್ನು ಖಚಿತವಾಗಿ ಗುಣಪಡಿಸುವ ಮಾತ್ರೆ ಈವರೆಗೆ ಇಲ್ಲ. ಆದ್ದರಿಂದ ‘ಗ್ಯಾರಂಟಿ’ ಎನ್ನುವವರಿಂದ ದೂರವಿರಿ. ಹಾಗೆಂದು ‘ಏನೂ ಮಾಡಲಾಗದು, ಸಹಿಸಿಕೊಳ್ಳಿ’ ಎಂದು ಕಳುಹಿಸಿಬಿಡುವುದೂ ಸರಿಯಲ್ಲ. ಕಾರಣ ಉಳಿದುಕೊಂಡರೂ ಕಾಟ ಕಡಿಮೆ ಮಾಡುವ ದಾರಿಗಳಿವೆ. ಮಲಗುವಾಗ ಫ್ಯಾನಿನಂತಹ ಮೆಲುದನಿ ಇದ್ದರೆ ಶಬ್ದ ಅಷ್ಟಾಗಿ ಕಾಡದು. ನಿದ್ದೆಗೆಟ್ಟು ಮನಸ್ಸು ಕುಗ್ಗಿದವರಿಗೆ ಮನೋವೈದ್ಯರ ಅಥವಾ ಆಪ್ತ ಸಲಹೆಗಾರರ ನೆರವು ನಿಜಕ್ಕೂ ಪ್ರಯೋಜನಕಾರಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಅಲ್ಲಿಯವರೆಗೆ ಕಿವಿಗೆ ಬಿಸಿ ಎಣ್ಣೆ ಬಿಡುವುದು, ಪಿನ್ನು, ಬೆಂಕಿಕಡ್ಡಿ ಹಾಕುವುದು ಬೇಡ. ರಸ್ತೆ ಬದಿಯಲ್ಲಿ ಕಿವಿ ಶುಚಿಮಾಡಿಸುವುದೂ ಬೇಡ. ಮನೆಯ ಹಿರಿಯರು ಕಿವಿಯಲ್ಲಿ ಶಬ್ದ ಎಂದರೆ ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕದೆ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿರಿ.