ಪಾದ್ರಿಗಳು ಬರೆದಿಟ್ಟ ಲೆಕ್ಕ

ಜೂನ್ ತಿಂಗಳು ಬಂತೆಂದರೆ ಶಾಲೆಗಳಲ್ಲಿ ನಾಯಕರ ಚುನಾವಣೆ. ಚೀಟಿ ಹಾಕುವುದು, ಎಣಿಸುವುದು, ಗೆದ್ದವರಿಗೆ ಚಪ್ಪಾಳೆ. ಗೆದ್ದ ಮೊದಲ ವಾರ ನಾಯಕನ ಗಂಟಲು ಬಲು ದೊಡ್ಡದು. "ಸಾಲಾಗಿ ನಿಂತ್ಕೊಳ್ರೋ", "ಸದ್ದು, ಸದ್ದು!" ಎಂದು ಕೂಗಿ ಕೂಗಿ ಎರಡನೆಯ ವಾರಕ್ಕೆ ಅದು ಕಟ್ಟಿಯೂ ಹೋಗಿರುತ್ತದೆ. ನಾಯಕನೆಂದರೆ ಜೋರಾಗಿ ಮಾತಾಡುವವನು ಎಂದು ಮಕ್ಕಳು ನಂಬಿದ್ದರೆ ತಪ್ಪೇನಿಲ್ಲ. ದೊಡ್ಡವರಾದ ನಾವು ಅವರಿಗೆ ತೋರಿಸಿರುವುದೇ ಅಂಥವರನ್ನು.

ಇವತ್ತು ಬೇರೆ ಬಗೆಯ ಕೆಲವು ನಾಯಕರ ವಿಷಯ ಹೇಳುತ್ತೇನೆ. ಇವರೆಲ್ಲ ಕ್ರೈಸ್ತ ಪಾದ್ರಿಗಳು. ಪಾದ್ರಿಯ ಕೆಲಸವೇ ಮಾತು. ಭಾನುವಾರ ಚರ್ಚಿನಲ್ಲಿ ನಿಂತು ಉಪದೇಶ ಮಾಡಬೇಕು. ಆದರೆ ಕನ್ನಡ ನಾಡು ಇವರನ್ನು ಇಂದಿಗೂ ನೆನೆಯುವುದು ಇವರು ಆಡಿದ ಮಾತಿಗಲ್ಲ. ಜನರ ಮಾತಿಗೆ ಕಿವಿಕೊಟ್ಟರು, ಕೇಳಿದ್ದನ್ನು, ಕಂಡದ್ದನ್ನು ಲೆಕ್ಕವಿಟ್ಟು ಬರೆದರು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದೇ ಕೂದಲು ಬೆಳ್ಳಗೆ ಮಾಡಿಕೊಂಡ ನನಗೆ ಲೆಕ್ಕವಿಟ್ಟವರನ್ನು ಕಂಡರೆ ಒಂದು ತೂಕ ಹೆಚ್ಚೇ ಪ್ರೀತಿ.

ಮೊದಲು ನಮ್ಮ ಮೈಸೂರು ಸೀಮೆಯವರನ್ನೇ ನೋಡೋಣ. ಮಕ್ಕಳೇ, ನಿಮ್ಮ ಅಜ್ಜ ಅಥವಾ ಅಜ್ಜಿಯ ತೋಳನ್ನು ಒಮ್ಮೆ ನೋಡಿ. ಕಾಸಿನಗಲದ ಒಂದು ಕಲೆ ಇರಬಹುದು. ಅದು ದಾಕು ಹಾಕಿಸಿದ ಗುರುತು, ಸಿಡುಬು ಬಾರದಿರಲೆಂದು. ನಿಮ್ಮ ತೋಳಿನಲ್ಲಿ ಆ ದಾಕು ಇರುವುದಿಲ್ಲ, ಏಕೆಂದರೆ 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಭಾರತದಲ್ಲಿ ಈ ದಾಕು ಮೊದಲು ಹಾಕಿದ್ದು 1802ರಲ್ಲಿ, ಬೊಂಬಾಯಿಯಲ್ಲಿ. ಮರುವರ್ಷವೇ ಮೈಸೂರು ಸೀಮೆಯಲ್ಲಿ ಆ ಕೆಲಸಕ್ಕೆ ನಿಂತವರಲ್ಲಿ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಒಬ್ಬರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಈ ಕಡೆಗೆ ಬಂದವರು. ನಮ್ಮವರಂತೆಯೇ ಬಟ್ಟೆ ತೊಟ್ಟು, ಮಾಂಸ ಬಿಟ್ಟು, ನಮ್ಮವರಂತೆಯೇ ಬದುಕಿದರು. ಜನ ಅವರನ್ನು ಕರೆಯುತ್ತಿದ್ದದ್ದು 'ದೊಡ್ಡಸ್ವಾಮಿಯವರು' ಎಂದು.

ಸಿಡುಬೆಂದರೆ ಅಮ್ಮ, ಅಮ್ಮನ ಕೋಪ ಎಂದು ಊರಿಗೆ ಊರೇ ಹೆದರುತ್ತಿದ್ದ ಕಾಲ. ಪರದೇಶಿಯೊಬ್ಬ ಬಂದು "ಮಗುವಿನ ತೋಳು ಗೀರುತ್ತೇನೆ, ಕೊಡಿ" ಎಂದರೆ ಯಾವ ತಾಯಿ ಕೊಟ್ಟಾಳು? ಆದರೂ 1803-04ರ ಲೆಕ್ಕದಲ್ಲಿ ದುಬಾಯ್ ಅವರ ಹೆಸರಿನಲ್ಲಿ ದಾಖಲಾದವರು 25,432 ಜನ. ಸುಮಾರು ಇಪ್ಪತ್ತೈದು ಸಾವಿರ ಎಂದು ಬರೆದಿಲ್ಲ, ಕೊನೆಯ ಎರಡನ್ನೂ ಬಿಡದೆ ಎಣಿಸಿದ್ದಾರೆ. ನನಗೆ ಬಹಳ ಹಿಡಿಸಿದ್ದು ಆ ಎರಡು.

1823ರಲ್ಲಿ ಅವರು ಊರಿಗೆ ಮರಳಿದರು. ಅಷ್ಟು ವರ್ಷದ ದುಡಿಮೆಯಲ್ಲಿ ತಮ್ಮಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಜನ ಮಾತ್ರ ಎಂದು ಅದೇ ವರ್ಷ ಪುಸ್ತಕದಲ್ಲಿ ಬರೆದರು. ತನ್ನ ಮುಖ್ಯ ಉದ್ಯೋಗದಲ್ಲೇ ನಷ್ಟವಾಯಿತೆಂದು ತಾನೇ ಬರೆದು ರುಜು ಹಾಕುವುದು ಸುಲಭವಲ್ಲ ಕಣ್ರೀ. ಎಷ್ಟು ಜನ ಮ್ಯಾನೇಜರುಗಳನ್ನು ನೋಡಿದ್ದೇನೆ ನಾನು!

ಆದರೆ ಇದೇ ದುಬಾಯ್ ಅವರ ಮೇಲೆ ಒಂದು ಬಾಕಿಯೂ ಉಳಿದಿದೆ. ನಮ್ಮ ಜನರ ಆಚಾರ ವಿಚಾರದ ಬಗ್ಗೆ ಅವರು ಕೊಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಗಿ ಲೋಕಪ್ರಸಿದ್ಧವಾಯಿತು. ಅದರ ಬಹುಭಾಗ ಅವರಿಗಿಂತ ಹಿಂದಿನ ಕೂರ್ದೂ ಎಂಬ ಇನ್ನೊಬ್ಬ ಫ್ರೆಂಚ್ ಪಾದ್ರಿಯ ಬರಹದಿಂದ ಬಂದದ್ದು ಎಂದು ಇಪ್ಪತ್ತನೆಯ ಶತಮಾನದಲ್ಲಿ ವಿದ್ವಾಂಸರು ತಾಳೆ ನೋಡಿ ತೋರಿಸಿದರು. ಪುಸ್ತಕದಲ್ಲಿ ಕೂರ್ದೂ ಹೆಸರಿಲ್ಲ. ದಾಕಿನ ಲೆಕ್ಕದಲ್ಲಿ ಒಬ್ಬರನ್ನೂ ಬಿಡದವರು ಇಲ್ಲಿ ಒಬ್ಬರನ್ನು ಬಿಟ್ಟರು. ಜಮೆ ಸರಿಯಿದ್ದರೂ ಯಾರ ಖಾತೆಯಿಂದ ಬಂತೆಂದು ಬರೆಯದಿದ್ದರೆ ಅದು ಲೆಕ್ಕವಲ್ಲ.

ಈಗ ಇದಕ್ಕೆ ತಿರುಗುಮುರುಗಾದ ಮನುಷ್ಯನ ಬಳಿಗೆ ಬರೋಣ: ಫರ್ಡಿನೆಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಈ ನಾಡಿಗೆ ಬಂದರು. ಬಾಸೆಲ್ ಮಿಷನ್ನಿನಲ್ಲಿ ಇವರಿಗಿಂತ ಮೊದಲೇ ಹರ್ಮನ್ ಮೋಗ್ಲಿಂಗ್ ಎಂಬವರು ದಾರಿ ಹಾಕಿದ್ದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದವರು ಅವರೇ. ಪಾದ್ರಿಯಾಗಿದ್ದರೂ ದಾಸರ ಪದ, ಬಸವಪುರಾಣ, ಜೈಮಿನಿ ಭಾರತಗಳನ್ನು ಅಚ್ಚು ಹಾಕಿಸಿದರು.

ಕಿಟ್ಟೆಲ್ ಒಂದು ಹೆಜ್ಜೆ ಮುಂದೆ ಹೋಗಿ ಪದಗಳನ್ನೇ ಕೂಡಿಡಲು ಹೊರಟರು. ಓಲೆಗರಿ, ಹಳೆಯ ಕಾವ್ಯ, ಗಾದೆ, ಸಂತೆಯ ಮಾತು, ಹೊಲದ ಮಾತು, ಯಾವುದನ್ನೂ ಬಿಡಲಿಲ್ಲ. ಪಾದ್ರಿಗೆ ಇದೆಂಥ ಕೆಲಸ ಎಂದು ಜೊತೆಯವರಿಂದ ಆಕ್ಷೇಪಣೆಯೂ ಬಂತು. ಕಣ್ಣು ಸೋಲತೊಡಗಿತು. 1877ರಲ್ಲಿ ಜರ್ಮನಿಗೆ ಮರಳಿದವರು ನಿಘಂಟಿನ ಕೆಲಸವನ್ನು ಅಲ್ಲೇ ಕುಳಿತು ಮುಗಿಸಬಹುದಿತ್ತು. ಆದರೆ ಕನ್ನಡಿಗರ ಬಾಯಿಂದಲೇ ಕೇಳಿ ಖಾತ್ರಿ ಮಾಡಿಕೊಳ್ಳಬೇಕಾದ ಪದಗಳಿದ್ದವು. ಐವತ್ತು ದಾಟಿದ ಮೇಲೆ, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು, ಮತ್ತೆ ಹಡಗು ಹತ್ತಿದರು. ಒಂದು ಪದದ ಅರ್ಥ ಸರಿಯೋ ತಪ್ಪೋ ನೋಡಲು ಸಮುದ್ರ ದಾಟಿದ ಮನುಷ್ಯ!

1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದ, 1,752 ಪುಟ. ದೊಡ್ಡ ಗ್ರಂಥಾಲಯಕ್ಕೆ ಹೋದಾಗ ಅದನ್ನು ಕೇಳಿ ತೆಗೆಸಿ ನೋಡಿ. ಅರ್ಥದ ಪಕ್ಕದಲ್ಲಿ ಆವರಣ ಚಿಹ್ನೆಯೊಳಗೆ ಇಂಗ್ಲಿಷಿನ ಪುಟ್ಟ ಪುಟ್ಟ ಅಕ್ಷರಗಳಿರುತ್ತವೆ. ಮಕ್ಕಳು ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ. ನನ್ನ ಕಣ್ಣು ನಿಲ್ಲುವುದು ಅಲ್ಲೇ. ಇದು ಮೈಸೂರಿನವರ ಮಾತು, ಇದು ಉತ್ತರದ ಕಡೆಯವರದು, ಇದು ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಿಕ್ಕಿದ್ದು, ಇದು ಬಸವಪುರಾಣದ್ದು, ಇದಕ್ಕೆ ತಮಿಳಿನಲ್ಲಿ, ತುಳುವಿನಲ್ಲಿ, ತೆಲುಗಿನಲ್ಲಿ ಹೀಗೆ ಅನ್ನುತ್ತಾರೆ. ಪದ ಯಾರ ಮನೆಯಿಂದ ಬಂತೋ ಅವರ ಹೆಸರಿಗೆ ಜಮೆ. ಜಮಾ ಪುಸ್ತಕವನ್ನು ಹೀಗೆ ಬರೆದಿಟ್ಟರೆ ಆಡಿಟರಿಗೂ ಕೆಲಸವಿರುವುದಿಲ್ಲ. ನೂರು ವರ್ಷ ದಾಟಿದರೂ ವಿದ್ವಾಂಸರು ಇನ್ನೂ ಆ ನಿಘಂಟನ್ನು ತೆರೆಯುವುದು ಇದಕ್ಕೇ.

ಇದುವರೆಗೆ ಹೇಳಿದ್ದು ಹೊರಗಿನಿಂದ ಬಂದವರ ಕಥೆ. ಇನ್ನೊಬ್ಬರು ನಮ್ಮವರೇ, ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಕ್ರೈಸ್ತ ಮನೆತನ, ಮಂಗಳೂರಿನಲ್ಲಿ ಪಾದ್ರಿ ಶಿಕ್ಷಣ, ಆಮೇಲೆ ಉತ್ತರ ಕರ್ನಾಟಕದ ಊರುಗಳಲ್ಲಿ ಸೇವೆ. ತಮ್ಮನ್ನು 'ತಿರುಳ್ಗನ್ನಡದ ತಿರುಕ' ಎಂದು ಕರೆದುಕೊಂಡರು. ತಿರುಕನೆಂದರೆ ಭಿಕ್ಷೆ ಬೇಡುವವನು. ಅವರು ಬೇಡಿದ್ದು ಸರ್ವಜ್ಞನ ತ್ರಿಪದಿಗಳನ್ನು.

ಸರ್ವಜ್ಞ ನಿಮಗೆ ಪಠ್ಯಪುಸ್ತಕದಲ್ಲಿ ಸಿಗುತ್ತಾನೆ, ಆದ್ದರಿಂದ ಅವನು ಮೊದಲಿನಿಂದಲೂ ಪುಸ್ತಕದಲ್ಲೇ ಇದ್ದ ಅನ್ನಿಸಬಹುದು. ಹಾಗಲ್ಲ. ಅವನು ಚೂರುಚೂರಾಗಿ ಹರಡಿಹೋಗಿದ್ದ: ಒಂದಿಷ್ಟು ಯಾರದೋ ಅಟ್ಟದ ಓಲೆಗರಿಯಲ್ಲಿ, ಒಂದಿಷ್ಟು ಮುದುಕರ ನಾಲಿಗೆಯ ಮೇಲೆ. ಮುದುಕರು ಹೋದರೆ ಅದೂ ಹೋಯಿತು. ಚನ್ನಪ್ಪನವರು ಹಸ್ತಪ್ರತಿ ಹುಡುಕಿದರು, ಜನರ ಬಾಯಿಂದ ಕೇಳಿದರು. ಇನ್ನೊಂದು ತಾಪತ್ರಯವಿತ್ತು. ಮೂರು ಸಾಲು ಕಟ್ಟಿ ಕೊನೆಗೆ 'ಸರ್ವಜ್ಞ' ಎಂದು ಯಾರು ಬೇಕಾದರೂ ಸೇರಿಸಬಹುದು. ಎಷ್ಟೋ ಜನ ಸೇರಿಸಿಯೂ ಇದ್ದರು. ಖೋಟಾ ನೋಟನ್ನು ಕ್ಯಾಷಿಯರ್ ಬೆಳಕಿಗೆ ಹಿಡಿದು ನೋಡುವಂತೆ ಒಂದೊಂದನ್ನೂ ನೋಡಬೇಕು, ಒಂದು ಪ್ರತಿಗೆ ಇನ್ನೊಂದನ್ನು ತಾಳೆ ಹಾಕಬೇಕು. ಸುಮಾರು ಎರಡು ಸಾವಿರ ತ್ರಿಪದಿಗಳು ಕೂಡಿ 1924ರಲ್ಲಿ 'ಸರ್ವಜ್ಞನ ವಚನಗಳು' ಅಚ್ಚಾಯಿತು. ನೀವು ಶಾಲೆಯಲ್ಲಿ ಬಾಯಿಪಾಠ ಮಾಡುವ ಸರ್ವಜ್ಞನ ಹಿಂದೆ ಆ ಪಾದ್ರಿಯ ಅಲೆದಾಟವಿದೆ.

ಅಲ್ಲಿಗೇ ನಿಲ್ಲಲಿಲ್ಲ. ಶರಣರ ವಚನಗಳನ್ನು ಓದಿದರು, ಸಂಪಾದಿಸಿದರು. ಅನುಭವ ಮಂಟಪ ನಿಜವಾಗಿ ಇತ್ತೇ ಇಲ್ಲವೇ ಎಂದು ದೊಡ್ಡ ವಾದ ಎದ್ದಾಗ, ಇತ್ತು ಎಂದು ಆಧಾರ ಕೊಟ್ಟು 1951ರಲ್ಲಿ ಪುಸ್ತಕವನ್ನೇ ಬರೆದರು. ಇಷ್ಟೆಲ್ಲ ಮಾಡುವಾಗ ತಮ್ಮ ನಂಬಿಕೆಯನ್ನು ಬಿಡಲೂ ಇಲ್ಲ, ಇನ್ನೊಬ್ಬರದನ್ನು ಕೀಳು ಮಾಡಲೂ ಇಲ್ಲ. 1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ. ನಿಜಾಮರ ಆಳ್ವಿಕೆ ಮುಗಿದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಶರಣಬಸವೇಶ್ವರರ ಆ ಊರಿನಲ್ಲಿ ಕನ್ನಡಿಗರು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದ್ದು ಈ ಪಾದ್ರಿಯನ್ನು.

ಅಜ್ಜ ಅಜ್ಜಿಯರೇ, ಇಲ್ಲಿಂದ ಮುಂದಿನ ಕೆಲಸ ನಿಮ್ಮದೂ ಹೌದು. ನಮ್ಮ ಗುಂಡ್ಲುಪೇಟೆ ಕಡೆ ಮನೆಗೆ 'ಹಟ್ಟಿ' ಅನ್ನುತ್ತೇವೆ. ಮಂಗಳೂರಿನ ಕಡೆಯವರಿಗೆ ಹಟ್ಟಿಯೆಂದರೆ ದನದ ಕೊಟ್ಟಿಗೆ. "ಹಟ್ಟಿಗೆ ಬನ್ನಿ, ಉಂಡು ಹೋಗಿ" ಎಂದು ಅವರನ್ನು ಕರೆದರೆ ಏನು ತಿಳಿದುಕೊಂಡಾರೋ! ಇಂಥ ಮಾತುಗಳು ಮೊಮ್ಮಕ್ಕಳ ಬಾಯಿಂದ ಜಾರುತ್ತಿವೆ. ಟಿವಿಯಲ್ಲಿ ಅವು ಬರುವುದಿಲ್ಲ.

ಮಕ್ಕಳೇ, ಹಳೆಯ ನೋಟ್‌ಬುಕ್ಕಿನಲ್ಲಿ ಮಿಕ್ಕ ಖಾಲಿ ಹಾಳೆಗಳು ಸಾಕು. ಸ್ಕೇಲಿಟ್ಟು ನಾಲ್ಕು ಕಾಲಂ ಹಾಕಿ. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಅರ್ಥ, ಮೂರನೆಯದರಲ್ಲಿ ಹೇಳಿದವರು, ನಾಲ್ಕನೆಯದರಲ್ಲಿ ಊರು. ಮೂರನೆಯ ಕಾಲಂ ಮಾತ್ರ ಖಾಲಿ ಬಿಡಬೇಡಿ. ಮೊದಲ ಸಾಲು ನಾನೇ ಬರೆದುಕೊಡುತ್ತೇನೆ: ಒಸಿ, ಸ್ವಲ್ಪ, ನಮ್ಮವ್ವ, ಹಂಗಳ.